ಕಲ್ಲಕ್ಕನ ಮೊದಲ ಹಸಿರು

“ಅಲ್ಲಕ್ಕ, ಸರಿಯಾಗಿ ನೋಡು, ಇದು ಹಸಿರಲ್ವಾ?”

“ಪಾಚಿ ಇರಬೇಕು.”

“ಸಾವಿರ ಮೀಟರ್ ಕೆಳಗೆ ಪಾಚಿನಾ!”

“ಹಾಗಾದ್ರೆ ಪೈಪಿನ ಪೇಂಟು.”

“ಪೈಪಿಗೆ ಹೊಡೆದಿರೋದು ನೀಲಿ ಕಣಕ್ಕ. ತಗೋ, ಲೆನ್ಸ್ ಹಿಡ್ಕೊಂಡು ಒಂದ್ಸಲ ನೋಡು.”

“ನಂಗ್ಯಾಕೆ ಲೆನ್ಸು? ನಂಗೆ ಕಣ್ಣಿದೆ.”

ಕಣ್ಣೇನೋ ಇತ್ತು. ಎಂಥ ಕಣ್ಣು ಅಂತೀರಿ! ಇಪ್ಪತ್ತೆರಡು ವರ್ಷ ನೆಲದ ಹೊಟ್ಟೆಯಿಂದ ಬಂದ ಪುಡಿಗಲ್ಲನ್ನು ತೊಳೆದು ತೊಳೆದು, ಬೇರೆಯವರು ಒಂದು ಕಾಳು ನೋಡುವಷ್ಟರಲ್ಲಿ ನೂರು ಕಾಳು ನೋಡಿ ಮುಗಿಸುವ ಕಣ್ಣು. ಅದಕ್ಕೇ ನೆಲದೊಳಗಿನ ಬಿಸಿನೀರಿಗೆ ಬಾವಿ ಕೊರೆಯುವ ಆ ಜಾಗದಲ್ಲಿ ಎಲ್ಲರೂ ಅವಳನ್ನು ಕಲ್ಲಕ್ಕ ಅಂತಲೇ ಕರೆಯುತ್ತಿದ್ದರು. ಗಂಡ ಕೂಡ ಒಂದು ಸಲ ಮನೆಯಲ್ಲಿ ಹಾಗೆ ಕರೆದು ಚೆನ್ನಾಗಿ ಬೈಸಿಕೊಂಡಿದ್ದ. ಆದರೆ ಆ ದಿನ ಬೆಳಿಗ್ಗೆ ಹತ್ತು ಗಂಟೆಗೆ, ತಂಗಿಯ ಒದ್ದೆ ಅಂಗೈ ಮೇಲೆ ಮಿನುಗುತ್ತಿದ್ದ ಐದಾರು ಪಿಸ್ತಾ ಬಣ್ಣದ ಹರಳುಗಳನ್ನು ನೋಡಿದಾಗ ಅದೇ ಕಣ್ಣು ಮೆಣಸಿನಕಾಯಿ ಕೈ ತಾಗಿದಂತೆ ಉರಿಯಿತು.

ಹಸಿರೇ. ನೂರಕ್ಕೆ ನೂರು ಹಸಿರು. ಆರನೇ ಬಾವಿಯ ಮೊದಲ ಹಸಿರು. ಅದೂ ಹೋಗಿ ಹೋಗಿ ತಂಗಿಯ ಸರದಿಯಲ್ಲಿ!

ಒಂದು ಚಿಟಿಕೆ ಹಸಿರು ಪುಡಿಗೆ ಇಷ್ಟೊಂದು ಸಂಕಟ ಯಾಕೆ ಅಂತ ತಿಳಿಯಬೇಕಾದರೆ ಆ ನೆಲದ ಒಳಗೊಂದು ಸಲ ಇಳಿದು ಬರಬೇಕು. ಕಲ್ಲಕ್ಕನನ್ನು ಕೇಳಿದರೆ ಅವಳು ಮುಚ್ಚಳ ಹಾಕಿದ ಪಾತ್ರೆಯನ್ನು ತೋರಿಸುತ್ತಿದ್ದಳು. ಎಲ್ಲಕ್ಕಿಂತ ಮೇಲೆ ಕರಿ ಕಲ್ಲು, ಯಾವಾಗಲೋ ಹರಿದು ಹೆಪ್ಪುಗಟ್ಟಿದ ಲಾವಾ. ಅದರ ಬಿರುಕಿನಲ್ಲೆಲ್ಲ ತಣ್ಣೀರು. ಅದರ ಕೆಳಗೆ ಗುಲಾಬಿ ಬಣ್ಣದ ಬೂದಿಕಲ್ಲು. ಅದರ ಕೆಳಗೆ ನೂರಾರು ಮೀಟರ್ ದಪ್ಪದ ಜೇಡಿ, ಸೋಪಿನ ಹಾಗೆ ಜಾರುವಂಥದ್ದು, ನಾಲಿಗೆಗೆ ಇಟ್ಟರೆ ಬಿಡದೆ ಅಂಟಿಕೊಳ್ಳುವಂಥದ್ದು. ಈ ಜೇಡಿಯೇ ಮುಚ್ಚಳ. ಮುಚ್ಚಳದ ಮೇಲೆ ತಣ್ಣೀರು, ಮುಚ್ಚಳದ ಕೆಳಗೆ ಕುದಿನೀರು. ಎಂದೋ ಬಿದ್ದ ಮಳೆಯೇ ಬಿರುಕು ಹಿಡಿದು ಆಳಕ್ಕಿಳಿದು, ಅಲ್ಲಿ ಇನ್ನೂ ಆರದೆ ಉಳಿದ ಬಿಸಿಗೆ ತಾಗಿ, ಕಾದು ಮೇಲೆ ಬಂದು, ಜೇಡಿಯ ಮುಚ್ಚಳಕ್ಕೆ ತಲೆ ಚಚ್ಚಿಕೊಂಡು ಅಲ್ಲೇ ಸುತ್ತುತ್ತಿರುತ್ತದೆ. ಸಾವಿರಾರು ವರ್ಷ ಆ ನೀರಿನಲ್ಲಿ ಬೆಂದ ಕಲ್ಲು ಬಣ್ಣ ಬದಲಿಸುತ್ತದೆ. ಮೊದಲು ಬಿಳಿ ಗೆರೆ ಬರುತ್ತದೆ, ಆಮೇಲೆ ಚಿನ್ನದ ಹಾಗೆ ಹೊಳೆದು ಮೋಸ ಮಾಡುವ ಚೂರು, ಕೊನೆಗೆ ಇನ್ನೂರ ನಲವತ್ತು ಡಿಗ್ರಿಯ ಆಸುಪಾಸಿನಲ್ಲಿ ಈ ಹಸಿರು. ಅಂದರೆ ಥರ್ಮಾಮೀಟರ್ ಇಳಿಸುವುದೇ ಬೇಡ. ಹಸಿರು ಕಂಡರೆ ಪಾತ್ರೆಯೊಳಗೆ ಕೈ ಹಾಕಿದಂತೆಯೇ ಲೆಕ್ಕ.

ಹಸಿರು ಕಂಡ ಮೇಲೆ ನಲವತ್ತು ಮೀಟರ್ ಕೊರೆದು ನಿಲ್ಲಿಸಬೇಕು. ಉಕ್ಕಿನ ಪೈಪ್ ಇಳಿಸಿ ಸುತ್ತ ಸಿಮೆಂಟ್ ತುಂಬಬೇಕು, ತಣ್ಣೀರು ಹೊರಗೇ ಉಳಿಯಬೇಕು. ಐವತ್ತಕ್ಕೆ ಹೋಗುವಂತಿಲ್ಲ. ಯಾಕೆಂದರೆ ಹಿಂದಿನ ಐದೂ ಬಾವಿಗಳಲ್ಲಿ ಮೊದಲ ಹಸಿರಿನಿಂದ ಐವತ್ತು ಮೀಟರ್ ಕೆಳಗೇ ದೊಡ್ಡ ಬಿರುಕು ಸಿಕ್ಕಿತ್ತು. ಪೈಪ್ ಇಳಿಸುವ ಮೊದಲೇ ಕೊರೆಯುವ ಹಲ್ಲು ಅದಕ್ಕೆ ತಾಗಿತೋ, ಬಾವಿಯಲ್ಲಿ ತುಂಬಿರುವ ಕೆಸರೆಲ್ಲ ಒಂದೇ ಉಸಿರಿಗೆ ಒಳಗೆ ಸೋರಿಹೋಗಿ, ಮೇಲೆ ಒತ್ತಿ ಹಿಡಿಯುವ ಭಾರವೇ ಇಲ್ಲದ ಕುದಿನೀರು ಬುಸ್ಸೆಂದು ಎದ್ದು ಬರುತ್ತದೆ. ಎರಡನೇ ಬಾವಿಯಲ್ಲಿ ಹಾಗೇ ಆಗಿತ್ತು. ಯಂತ್ರ ನಡೆಸುವ ಬೋರಣ್ಣನ ಎಡಗೈ ಮೊಣಕೈವರೆಗೆ ಬೆಂದುಹೋಗಿತ್ತು. ಬೋರು ಕೊರೆಯುವವನು ಅಂತ ಬೋರಣ್ಣ, ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು. ಆ ಕೈಯ ಚರ್ಮ ಇವತ್ತಿಗೂ ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತದೆ.

ಹಾಗಾಗಿ ಮೊದಲ ಹಸಿರು ಎಷ್ಟು ಆಳದಲ್ಲಿ ಸಿಕ್ಕಿತು ಅನ್ನುವ ಒಂದು ನಂಬರಿನ ಮೇಲೆ ಎಲ್ಲ ನಿಂತಿತ್ತು. ಆ ನಂಬರು ಬರೆಯುವ ಕೈ ಇಪ್ಪತ್ತೆರಡು ವರ್ಷ, ಐದು ಬಾವಿ, ಕಲ್ಲಕ್ಕನದೇ.

ಆಮೇಲೆ ತಂಗಿ ಬಂದಳು. ಬಂದಳು ಅಂದರೆ, ಕಲ್ಲಕ್ಕನೇ ಕರೆತಂದಳು! ಆ ಸಂಕಟ ಯಾರ ಮುಂದೆ ಹೇಳಿಕೊಳ್ಳಬೇಕು? ತಂಗಿ ಬಟ್ಟೆ ಹೊಲಿಯುತ್ತಿದ್ದ ಅಂಗಡಿ ಮುಚ್ಚಿತ್ತು. “ಪಾಪ, ನನ್ನ ತಂಗಿ, ತೊಳೆಯೋಕೆ ಒಂದು ಕೈ ಜೊತೆಗಿರಲಿ” ಅಂತ ಲೆನ್ಸ್ ಸರ್ ಹತ್ತಿರ ಹಲ್ಲು ಕಿರಿದು ಬೇಡಿಕೊಂಡವಳೂ ಅವಳೇ. ಲೆನ್ಸ್ ಸರ್ ಅಂದರೆ ಅಲ್ಲಿನ ಜಿಯಾಲಜಿಸ್ಟ್. ಹೆಬ್ಬೆರಳಿನಷ್ಟು ದೊಡ್ಡ ಒಂದು ಭೂತಗನ್ನಡಿ ಸದಾ ಅವರ ಕೊರಳಲ್ಲಿ ನೇತಾಡುತ್ತಿತ್ತು. ಸ್ನಾನಕ್ಕೂ ಅದನ್ನು ಹಾಕಿಕೊಂಡೇ ಹೋಗುತ್ತಾರೆ ಅಂತ ಬೋರಣ್ಣ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಅವರ ಮೇಜಿನ ಎರಡನೇ ಡ್ರಾಯರಿನಲ್ಲಿ ಅಂಥದ್ದೇ ಇನ್ನೊಂದು ಲೆನ್ಸಿತ್ತು, ಕಂದು ಚರ್ಮದ ಪುಟ್ಟ ಚೀಲದಲ್ಲಿ. ಕಲ್ಲಕ್ಕನಿಗೆ ಅದು ಬೇಕಿತ್ತು. ಎಷ್ಟು ಬೇಕಿತ್ತು ಅಂದರೆ, ಆ ಮೇಜು ಒರೆಸುವಾಗಲೆಲ್ಲ ಡ್ರಾಯರ್ ಒಂದಿಷ್ಟು ಎಳೆದು ಅದು ಅಲ್ಲೇ ಇದೆಯಾ ಅಂತ ನೋಡಿ ಮುಚ್ಚುತ್ತಿದ್ದಳು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಬಾಯಿಬಿಟ್ಟು ಕೇಳಿರಲಿಲ್ಲ. ಕೇಳಿ ಪಡೆದರೆ ಅದರಲ್ಲೇನಿದೆ? ಅವರಾಗೇ ಕೊಡಬೇಕು.

ಅವರಾಗೇ ಕೊಟ್ಟರು. ತಂಗಿಗೆ! ಸೇರಿದ ನಾಲ್ಕನೇ ತಿಂಗಳಿಗೆ!

“ನಿನಗೆ ಬರೆಯೋಕೂ ಬರುತ್ತೆ, ಇದನ್ನ ಇಟ್ಕೋಮ್ಮ” ಅಂದರಂತೆ. ಅವತ್ತಿನಿಂದ ಎರಡೂ ಟ್ರೇಗಳ ಆಳದ ಲೆಕ್ಕ ಹಾಕುವ ಕೆಲಸವೂ ತಂಗಿಯದೇ ಆಯಿತು. ತಂಗಿ ಹತ್ತನೇ ಕ್ಲಾಸು ಮುಗಿಸಿದವಳು, ಕಲ್ಲಕ್ಕ ಏಳಕ್ಕೆ ನಿಂತವಳು. ನಿಂತಿದ್ದು ಯಾಕೆ? ತೊಟ್ಟಿಲಲ್ಲಿದ್ದ ಇದೇ ತಂಗಿಯನ್ನು ನೋಡಿಕೊಳ್ಳೋಕೆ. ಹನ್ನೆರಡು ವರ್ಷ ಚಿಕ್ಕವಳು. ಅವಳು ಹುಟ್ಟುವವರೆಗೆ ಮನೆಯ ಕಿಟಕಿ ಪಕ್ಕದ ಮಂಚ ಕಲ್ಲಕ್ಕನದಾಗಿತ್ತು. ಹುಟ್ಟಿದ ಮೇಲೆ “ಮಗೂಗೆ ಗಾಳಿ ಬೇಕಲ್ವೇನೇ” ಅಂತ ಅಮ್ಮ ಅವಳ ದಿಂಬನ್ನು ಅಡುಗೆಮನೆಯ ಬಾಗಿಲ ಹತ್ತಿರಕ್ಕೆ ಎಸೆದಿದ್ದಳು. ಐವತ್ತೊಂದು ತುಂಬಿದರೂ ಆ ದಿಂಬು ಬಿದ್ದ ಸದ್ದು ಕಲ್ಲಕ್ಕನ ಕಿವಿಯಲ್ಲಿ ಹಾಗೇ ಇತ್ತು.

ಲೆನ್ಸು ಕೈತಪ್ಪಿದ ದಿನ ಅವಳು ಅನ್ನಕ್ಕೆ ಉಪ್ಪಿನ ಬದಲು ಸಕ್ಕರೆ ಹಾಕಿದಳು. ನೀರಿನ ಟ್ಯಾಂಕರ್ ಓಡಿಸುವ ಗಂಡ ಒಂದು ತುತ್ತು ತಿಂದು ತಟ್ಟೆ ಸರಿಸಿದ.

“ನಿಮ್ಮ ಸಾಹೇಬ್ರಿಗೆ ಹೇಳು, ಅಲ್ಲೆಲ್ಲೋ ಹೋಗಿ ಸಾವಿರಾರು ಮೀಟರ್ ಯಾಕೆ ಕೊರೀತಾರೆ? ನಿನ್ನ ಹೊಟ್ಟೆ ಮೇಲೆ ಒಂದು ಬಾವಿ ಕೊರೆದ್ರೆ ಇಡೀ ಊರಿಗೆ ಕರೆಂಟ್ ಕೊಡಬಹುದು.”

“ನಂಗೇನು ಹೊಟ್ಟೆಕಿಚ್ಚಿಲ್ಲ.”

“ಇಲ್ಲ ಇಲ್ಲ, ಬರೀ ಹಬೆ.”

ಇನ್ನು ಆ ದಿನದ ವಿಷಯಕ್ಕೆ ಬರೋಣ. ಈ ಕೆಲಸದಲ್ಲಿ ಒಂದು ಮರೆಯಬಾರದ ಸಂಗತಿ ಇದೆ: ಕಲ್ಲು ತಡವಾಗಿ ಬರುತ್ತದೆ. ಕೆಳಗೆ ಹಲ್ಲು ಕಲ್ಲನ್ನು ಪುಡಿ ಮಾಡುತ್ತದೆ, ಪಂಪು ತಳ್ಳಿದ ಕೆಸರು ಆ ಪುಡಿಯನ್ನು ಹೊತ್ತು ಮೇಲೆ ತರುತ್ತದೆ, ಅಲುಗಾಡುವ ದೊಡ್ಡ ಜರಡಿಯ ಮೇಲೆ ಸುರಿಯುತ್ತದೆ. ಅಷ್ಟು ಆಳದಿಂದ ಬರೋಕೆ ನಲವತ್ತು ನಿಮಿಷ ಬೇಕು. ಅಷ್ಟರಲ್ಲಿ ಹಲ್ಲು ಇನ್ನೂ ಹದಿನೈದು ಹದಿನಾರು ಮೀಟರ್ ಕೆಳಗೆ ಹೋಗಿರುತ್ತದೆ. ಹಾಗಾಗಿ ಕೈಗೆ ಬಂದ ಪುಡಿ ಈಗಿನದಲ್ಲ, ನಲವತ್ತು ನಿಮಿಷ ಹಿಂದಿನದು. ಆ ನಲವತ್ತನ್ನು ಕಳೆದು ಆಳ ಬರೆಯಬೇಕು. ಪಂಪು ನಿಧಾನವಾದರೆ? ಕಲ್ಲು ಇನ್ನೂ ತಡ. ಹಾಗಾಗಿ ಪಂಪಿನಲ್ಲಿ ಏನೇ ಬದಲಾದರೂ ಯಂತ್ರ ನಿಂತ ಎತ್ತರದ ಕಟ್ಟೆಯಿಂದ ಕಲ್ಲು ತೊಳೆಯುವ ಶೆಡ್ಡಿಗೆ ಫೋನ್ ಬರುವುದು ಅಲ್ಲಿನ ಕಟ್ಟುನಿಟ್ಟಿನ ಪದ್ಧತಿ.

ಬಂದಿತ್ತು. ಬೆಳಿಗ್ಗೆ ಎಂಟಕ್ಕೆ. ಗೋಡೆಯ ಫೋನ್ ಎತ್ತಿದ್ದು ಕಲ್ಲಕ್ಕ.

“ಕಲ್ಲಕ್ಕಾ, ಎರಡನೇ ಪಂಪಿನ ವಾಷರ್ ಹೋಯ್ತು, ನಿಲ್ಲಿಸ್ತಾ ಇದೀನಿ” ಅಂತ ಗದ್ದಲದ ನಡುವೆ ಬೋರಣ್ಣ ಕೂಗಿದ. “ಇನ್ನು ಒಂದೇ ಪಂಪು. ನಿಮ್ಮ ತಂಗಿಗೆ ಹೇಳ್ಬಿಡಿ!”

ನಿಮ್ಮ ತಂಗಿಗೆ ಹೇಳ್ಬಿಡಿ. ಇಷ್ಟು ವರ್ಷ “ನೋಡ್ಕೊಳ್ಳಿ ಕಲ್ಲಕ್ಕ” ಅಂತಿದ್ದ ಬಾಯಿ ಅದು! ಈಗ ಇವಳು ಯಾರು? ಪೋಸ್ಟ್‌ಮ್ಯಾನ್?

“ಯಾರಕ್ಕ ಫೋನು?” ತಂಗಿ ತೊಟ್ಟಿಯ ಹತ್ತಿರದಿಂದ ಕೇಳಿದಳು.

“ಯಾರೂ ಇಲ್ಲ. ಆ ಬೋರಣ್ಣಂಗೆ ಬೆಳಿಗ್ಗೆ ಬೆಳಿಗ್ಗೆ ಮಾತಾಡೋ ಚಟ.”

ಒಂದು ಗಂಟೆ, ಒಂದೇ ಗಂಟೆ, ಅಂದುಕೊಂಡಿದ್ದಳು ಕಲ್ಲಕ್ಕ. ಕತ್ತಿಗೆ ಲೆನ್ಸು ನೇತುಹಾಕಿಕೊಂಡವಳು ಒಂದು ಗಂಟೆ ತಪ್ಪು ತಪ್ಪು ಲೆಕ್ಕ ಬರೆಯಲಿ. ಆಮೇಲೆ ಲೆನ್ಸ್ ಸರ್ ಬಂದಾಗ ಅವರ ಮುಂದೆಯೇ “ಅಲ್ಲಮ್ಮಾ, ಜರಡಿ ನೋಡಿದ್ರೆ ಗೊತ್ತಾಗಲ್ವಾ, ಪಂಪು ಒಂದೇ ಓಡ್ತಿದೆ ಅಂತ?” ಅಂತ ತಿದ್ದಬೇಕು. ಆ ಮಾತನ್ನು ಮನಸ್ಸಿನಲ್ಲಿ ನಾಲ್ಕು ಸಲ ಹೇಳಿಕೊಂಡು ರುಚಿ ನೋಡಿದ್ದಳು. ಒಂಬತ್ತಕ್ಕೆ ತಂಗಿಯೇ ಕೇಳಿದಳು:

“ಅಕ್ಕ, ಇವತ್ತು ಜರಡಿಗೆ ಕೆಸರು ಕಮ್ಮಿ ಬೀಳ್ತಿದೆ ಅಲ್ವಾ?”

“ನಿನ್ನ ಲೆನ್ಸಲ್ಲಿ ನೋಡು, ಜಾಸ್ತಿ ಕಾಣುತ್ತೆ.”

ತಂಗಿ ನಕ್ಕು ಮತ್ತೆ ತೊಳೆಯೋಕೆ ಕೂತಳು. ಒಂಬತ್ತೂವರೆಗೆ ಕಲ್ಲಕ್ಕನ ಇಪ್ಪತ್ತನೇ ಟ್ರೇ ತುಂಬಿತು. ಒಂದು ಟ್ರೇಯಲ್ಲಿ ಇಪ್ಪತ್ತು ಗುಂಡಿ, ಒಂದು ಗುಂಡಿಗೆ ಮೂರು ಮೀಟರಿನ ಪುಡಿ. ಒಂದು ಟ್ರೇ ಅಕ್ಕನದು, ಮುಂದಿನದು ತಂಗಿಯದು; ಆ ಸರದಿ ಮಾಡಿಟ್ಟವಳೂ ಕಲ್ಲಕ್ಕನೇ. ತಂಗಿ ಲೆಕ್ಕ ಹಾಕಿ ಹೇಳಿದಂತೆ ಸಾವಿರದ ಇನ್ನೂರು ಮೀಟರ್ ಅಂತ ಕೊನೆಯ ಗುಂಡಿಗೆ ಬರೆದು ಅವಳು ಮುಚ್ಚಳ ಹಾಕಿದಳು. ತಂಗಿ ಇಪ್ಪತ್ತೊಂದನೇ ಟ್ರೇ ತೆಗೆದಳು. ಮೊದಲ ಗುಂಡಿ ಬರೀ ಬೂದು. ಎರಡನೇ ಗುಂಡಿ ಹಸಿರು!

ಇದು ಆದದ್ದು ಹೀಗೆ. ಲೆನ್ಸ್ ಸರ್ ಓಡಿ ಬಂದರು, ಕಿಟಕಿಯ ಬೆಳಕಿಗೆ ಹಿಡಿದು ಎರಡು ನಿಮಿಷ ಉಸಿರಾಡಲಿಲ್ಲ, ಆಮೇಲೆ ಚಿಕ್ಕ ಮಗುವಿನ ಹಾಗೆ ಕುಣಿದರು.

“ಭಲೇ ಹಸಿರಮ್ಮ! ಎಷ್ಟಕ್ಕೆ ಸಿಕ್ತು?”

“ಸಾವಿರದ ಇನ್ನೂರ ಆರು ಸರ್. ನಲವತ್ತು ನಿಮಿಷ ಕಳೆದು.”

“ಹಾಗಾದ್ರೆ ಇನ್ನೂರ ನಲವತ್ತಾರಕ್ಕೆ ನಿಲ್ಲಿಸೋದು. ಗಂಟೆಗೆ ಹತ್ತೇ ಮೀಟರ್ ಹೋಗು ಅಂತ ಬೋರಣ್ಣಂಗೆ ಹೇಳ್ತೀನಿ. ನಾನು ಆಫೀಸಿಗೆ ಹೋಗಿ ಪೈಪಿನ ಲಾರಿ ಕಳಿಸೋಕೆ ಹೇಳಿ ಬರ್ತೀನಿ.” ಬಾಗಿಲ ಹತ್ತಿರ ನಿಂತು ತಿರುಗಿ, “ಕಲ್ಲಕ್ಕ, ನಿಮ್ಮ ತಂಗಿ ಕೈಗುಣ ನೋಡಿ!” ಅಂದರು.

ಕಲ್ಲಕ್ಕ ಹಲ್ಲು ಕಚ್ಚಿ ನಕ್ಕಳು. ಹಸಿರಮ್ಮ! ಹತ್ತು ನಿಮಿಷದಲ್ಲಿ ಹೆಸರೂ ಸಿಕ್ಕಿಬಿಟ್ಟಿತು. ಅವಳಿಗೆ ಕಲ್ಲಕ್ಕ ಅನ್ನುವ ಹೆಸರು ಬರೋಕೆ ಎರಡು ಬಾವಿ ಹಿಡಿದಿತ್ತು.

ಅವರು ಹೋದ ಮೇಲೆ, ತಿದ್ದುವ ಮಾತನ್ನು ತಾನು ಆಡಲೇ ಇಲ್ಲ ಅನ್ನುವುದು ಅವಳಿಗೆ ಗೊತ್ತಾಯಿತು. ಜೊತೆಗೆ ಇನ್ನೊಂದೂ. ಒಂದೇ ಪಂಪು ಅಂದರೆ ಕಲ್ಲು ಬರೋಕೆ ನಲವತ್ತಲ್ಲ, ಹತ್ತಿರ ಹತ್ತಿರ ಎಪ್ಪತ್ತೈದು ನಿಮಿಷ. ಅಂದರೆ ಹಸಿರು ಇನ್ನೂರ ಆರರದ್ದಲ್ಲ, ಅದಕ್ಕಿಂತ ಹದಿನೈದು ಮೀಟರ್ ಮೇಲಿನದು. ನಿಲ್ಲಿಸಬೇಕಾದದ್ದು ಇನ್ನೂರ ಮೂವತ್ತೊಂದಕ್ಕೆ. ನಲವತ್ತಾರರವರೆಗೆ ಹೋದರೆ, ದಾರಿಯಲ್ಲೇ ಬಿರುಕು.

ಅವಳು ಗೋಡೆಯ ಗಡಿಯಾರ ನೋಡಿದಳು. ಹತ್ತೂ ಕಾಲು.

“ನಲವತ್ತೇ ನಿಮಿಷ ಕಳೆದ್ಯಾ?” ಅಂತ ಕೇಳಿದಳು, ಕಲ್ಲು ತೊಳೆಯುತ್ತಲೇ.

“ಹೂಂ ಅಕ್ಕ. ನೀನೇ ಕಲಿಸಿದ್ದಲ್ವಾ.”

“ಒಂದ್ಸಲ ಬೋರಣ್ಣಂಗೆ ಫೋನ್ ಮಾಡಿ ಕೇಳಬಾರದಿತ್ತಾ?”

“ಏನಾದ್ರೂ ಇದ್ರೆ ಅವನೇ ಫೋನ್ ಮಾಡ್ತಾನೆ ಅಂದಿದ್ದೆ ನೀನು.”

ಎಲ್ಲ ಅವಳೇ ಕಲಿಸಿದ್ದು! ಒಂದೊಂದು ಉತ್ತರವೂ ಅವಳ ಬಾಯಿಯದೇ, ಅವಳ ಕೆನ್ನೆಗೇ ಬಂದು ಬಡಿಯುತ್ತಿತ್ತು. ತಂಗಿಯೇನೋ ಖುಷಿಯಲ್ಲಿ ಕಾಲು ನೆಲಕ್ಕೆ ತಾಗದಂತೆ ಓಡಾಡುತ್ತಿದ್ದಳು. ಹಸಿರು ಹರಳೊಂದನ್ನು ಚಿಮುಟದಲ್ಲಿ ಎತ್ತಿ, ಲೆನ್ಸಿನಲ್ಲಿ ನೋಡಿ, “ಅಕ್ಕ, ಸೂಜಿ ಸೂಜಿ ಥರ ಇದೆ, ಒಂದು ಗೊಂಚಲು! ಬಾರೇ ನೋಡು, ನಿನ್ನ ಕೈ ಮುಗೀತೀನಿ” ಅನ್ನುತ್ತಿದ್ದಳು. ಕಲ್ಲಕ್ಕನಿಗೆ ನೋಡಬೇಕಿತ್ತು. ಅಯ್ಯೋ, ಎಷ್ಟು ನೋಡಬೇಕಿತ್ತು! ಇಷ್ಟು ವರ್ಷ ಬರೀ ಕಣ್ಣಿಗೆ ಪುಡಿಯಾಗಿ ಕಂಡದ್ದರೊಳಗೆ ಸೂಜಿ ಇದೆಯಂತೆ, ಗೊಂಚಲು ಇದೆಯಂತೆ. ಅದು ತಂಗಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳು ಬೆನ್ನು ತಿರುಗಿಸಿ ಕಲ್ಲು ತೊಳೆಯುವ ಕೈಜರಡಿಯನ್ನು ಕಲ್ಲಿಗೆ ಕುಟ್ಟಿದಳು.

ಹನ್ನೊಂದಾಯಿತು. ಬೋರಣ್ಣನೇ ಇನ್ನೊಂದು ಸಲ ಫೋನ್ ಮಾಡಬಾರದಾ? ಲೆನ್ಸ್ ಸರ್ ವಾಪಸ್ ಬಂದು ಜರಡಿಯ ಕಡೆ ಒಮ್ಮೆ ನೋಡಬಾರದಾ? ಯಾರೂ ಏನೂ ಮಾಡಲಿಲ್ಲ. ಬಾಯಿ ಬಿಟ್ಟರೆ ಮಾನ ಹೋಗುತ್ತದೆ; ಇಪ್ಪತ್ತೆರಡು ವರ್ಷದ ಕಲ್ಲಕ್ಕ ಒಂದು ಫೋನಿನ ಮಾತು ಮುಚ್ಚಿಟ್ಟಳು ಅಂತಾಗುತ್ತದೆ. ಬಿಡದಿದ್ದರೆ ಬಾವಿ ಹೋಗುತ್ತದೆ, ತಂಗಿ ಬರೆದ ತಪ್ಪು ಅಂತ ತಂಗಿಯ ಕೆಲಸವೂ ಹೋಗುತ್ತದೆ. ಒಂದು ಕ್ಷಣ, ನಿಜ ಹೇಳಬೇಕೆಂದರೆ ಒಂದಕ್ಕಿಂತ ಹೆಚ್ಚೇ ಕ್ಷಣ, ಆ ಕೊನೆಯ ಮಾತು ಅವಳಿಗೆ ಹಿತವಾಗಿಯೇ ಇತ್ತು.

ಆಗ ಕಿಟಕಿಯಾಚೆ, ಎತ್ತರದ ಕಟ್ಟೆಯ ಮೇಲೆ ನಿಂತ ಬೋರಣ್ಣ ಬೆವರು ಒರೆಸಿಕೊಳ್ಳೋಕೆ ತೋಳು ಮೇಲೆತ್ತಿದ. ಬಿಸಿಲಿಗೆ ಆ ಎಡಗೈ ಪಳ್ಳನೆ ಹೊಳೆಯಿತು.

ಕಲ್ಲಕ್ಕ ಕೈಜರಡಿಯನ್ನು ಎಲ್ಲಿದ್ದಲ್ಲೇ ಬಿಸಾಡಿ ಓಡಿದಳು. ರಬ್ಬರ್ ಬೂಟು, ಒದ್ದೆ ಏಪ್ರನ್ನು, ಮಂಡಿನೋವು ಎಲ್ಲ ಹೊತ್ತುಕೊಂಡು ಮೂವತ್ತೆರಡು ಕಬ್ಬಿಣದ ಮೆಟ್ಟಿಲು ಹತ್ತಿದಳು.

“ನಿಲ್ಲಿಸೋ ಬೋರಣ್ಣ! ನಿಲ್ಲಿಸೋ!”

ಅವನು ಗಾಬರಿಯಾಗಿ ಹಿಡಿ ಎಳೆದ. ಕೊರೆಯುವುದು ನಿಂತಿತು. ಕೆಂಪು ಅಂಕಿಯಲ್ಲಿ ಆಳ ತೋರಿಸುವ ಡಬ್ಬಿಯಲ್ಲಿ ೧೨೩೪ ಅಂತಿತ್ತು.

“ಏನ್ ಕಲ್ಲಕ್ಕಾ, ಹಾವು ಬಂತಾ?”

“ಪಂಪಿನ ವಿಷ್ಯ...” ಉಸಿರು ಸಿಗಲಿಲ್ಲ. “ಬೆಳಿಗ್ಗೆ ನೀನು ಹೇಳಿದ್ದು. ನಾನು ಯಾರಿಗೂ ಹೇಳಲಿಲ್ಲ. ತಂಗಿ ನಲವತ್ತೇ ಕಳೆದು ಬರೆದಿದಾಳೆ. ಹಸಿರು ಇನ್ನೂ ಮೇಲಿನದು.”

ಬೋರಣ್ಣನ ಮುಖದ ಬಣ್ಣ ಇಳಿಯಿತು. ಅವನು ತನ್ನ ಎಡಗೈಯನ್ನು ಒಂದು ಸಲ ನೋಡಿಕೊಂಡ. ಆದರೂ ಒಳ್ಳೆಯವನು, ದಾರಿ ಬಿಟ್ಟುಕೊಟ್ಟ.

“ಅಯ್ಯೋ ಹೋಗ್ಲಿ ಬಿಡಿ, ಮರೆತಿದೀರಿ. ವಯಸ್ಸಾಯ್ತಲ್ಲ.”

ಹೂಂ ಅಂದಿದ್ದರೆ ಮುಗಿದೇಹೋಗುತ್ತಿತ್ತು! ಮರೆತೆ ಅಂದಿದ್ದರೆ ಯಾರು ಏನು ಹೇಳುತ್ತಿದ್ದರು? ಆದರೆ ಮೆಟ್ಟಿಲ ಕೆಳಗೆ ತಂಗಿ ಬಂದು ನಿಂತಿದ್ದಳು, ಕೊರಳಲ್ಲಿ ಆ ಲೆನ್ಸು. ಅವಳ ಮುಂದೆ, ಮರೆಯುವ ಮುದುಕಿ ಅನ್ನಿಸಿಕೊಳ್ಳುವುದಾ? ಇಲ್ಲ. ಅದೊಂದು ಮಾತ್ರ ಸಾಧ್ಯವಿಲ್ಲ.

“ಮರೆತಿಲ್ಲ” ಅಂದಳು ಕಲ್ಲಕ್ಕ, ಇಡೀ ಕಟ್ಟೆಗೆ ಕೇಳುವ ಹಾಗೆ. “ನಂಗೆ ಯಾವುದೂ ಮರೆಯಲ್ಲ. ಬೇಕಂತಲೇ ಹೇಳಲಿಲ್ಲ.”

ಲೆನ್ಸ್ ಸರ್‌ಗೆ ಫೋನ್ ಹೋಯಿತು. “ಮೊದಲು ಅಳೆದು ನೋಡಿ, ನಾನು ಬಂದೆ” ಅಂದರು. ಅಳೆಯುವ ಉಪಾಯ ಕೂಡ ಕಲ್ಲಕ್ಕನದೇ, ಮೊದಲ ಬಾವಿಯ ಕಾಲದ್ದು: ಹಳೇ ಕೆಂಪು ಬಕೆಟ್ಟನ್ನು ಚೂರು ಚೂರು ಕತ್ತರಿಸಿ, ಒಂದು ಹಿಡಿಯನ್ನು ಕೊರೆಯುವ ಪೈಪಿನ ಬಾಯಿಗೆ ಹಾಕುವುದು. ಪಂಪು ಅದನ್ನು ಕೆಳಗಿಳಿಸಿ, ತಳ ಮುಟ್ಟಿಸಿ, ಮತ್ತೆ ಮೇಲೆ ತಂದು ಜರಡಿಗೆ ಎಸೆಯುವವರೆಗೆ ಗಡಿಯಾರ ಹಿಡಿದು ಕೂರುವುದು. ಕೆಂಪು ಚೂರಿನ ಡಬ್ಬಿಯನ್ನು ತಂಗಿಯೇ ಶೆಡ್ಡಿನಿಂದ ತಂದುಕೊಟ್ಟಳು.

ಆಮೇಲೆ ಇಬ್ಬರೂ ಜರಡಿಯ ಎರಡು ಬದಿಗೆ ಕೂತರು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಕೆಸರು ಬೀಳುತ್ತಿತ್ತು, ಜರಡಿ ಗಡಗಡ ನಡುಗುತ್ತಿತ್ತು. ಚೂರು ಬೇಗ ಬಂದರೆ ಕಲ್ಲಕ್ಕ ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿ ಕೆಲಸ ನಿಲ್ಲಿಸಿದವಳು. ತಡವಾಗಿ ಬಂದರೆ ಹೊಟ್ಟೆಕಿಚ್ಚಿಗೆ ನಿಜ ಮುಚ್ಚಿಟ್ಟವಳು. ಯಾವುದಕ್ಕೆ ಆಸೆಪಡಬೇಕು ಅಂತಲೇ ಅವಳಿಗೆ ತಿಳಿಯಲಿಲ್ಲ.

ನಲವತ್ತನೇ ನಿಮಿಷಕ್ಕೆ ತಂಗಿ ಬಾಯಿ ಬಿಟ್ಟಳು.

“ಲೆನ್ಸಿಗಾ?”

“ಲೆನ್ಸಿಗೊಂದೇ ಅಲ್ಲ.”

“ಇನ್ಯಾವುದಕ್ಕೆ?”

“ನೀನು ಹುಟ್ಟಿದ್ದಕ್ಕೆ.”

ತಂಗಿ ಅವಳನ್ನೇ ದಿಟ್ಟಿಸಿದಳು. ಆಮೇಲೆ ಅವಳಿಗೆ, ಬೇಡ ಬೇಡ ಅಂದರೂ, ನಗು ಬಂದುಬಿಟ್ಟಿತು. “ಅದಕ್ಕೆ ನಾನೇನು ಮಾಡ್ಲಿ? ಅಮ್ಮನ್ನ ಕೇಳು.” ಮರುಕ್ಷಣವೇ ಆ ನಗು ಅಳುವಾಯಿತು. “ಬೋರಣ್ಣನ ಕೈ ನೋಡಿದೀಯಲ್ಲ ನೀನು? ನೋಡಿದೀಯ ತಾನೆ?”

ಕಲ್ಲಕ್ಕ ಗಡಿಯಾರಕ್ಕೆ ಸಿಡಿದ ಕೆಸರನ್ನು ಏಪ್ರನ್ನಿನಿಂದ ಒರೆಸಿದಳು.

ಎಂಬತ್ತಾರನೇ ನಿಮಿಷಕ್ಕೆ ಜರಡಿಯ ಮೇಲೆ ಟಣ್ಣೆಂದು ಕೆಂಪು ಹಾರಿತು. ಒಂದು, ಎರಡು, ಆಮೇಲೆ ಹಿಡಿ ಹಿಡಿ. ಅಷ್ಟು ಹೊತ್ತಿಗೆ ಬಂದು ನಿಂತಿದ್ದ ಲೆನ್ಸ್ ಸರ್ ಕೈಯಲ್ಲೇ ಲೆಕ್ಕ ಹಾಕಿದರು: ಕೆಳಗೆ ಇಳಿಯೋಕೆ ಹನ್ನೊಂದು ನಿಮಿಷ ಕಳೆ, ಮೇಲೆ ಬರೋಕೆ ಎಪ್ಪತ್ತೈದು. ಕಲ್ಲಕ್ಕ ಹೇಳಿದ್ದೇ ಸರಿ. ಇನ್ನೂರ ಮೂವತ್ತೊಂದಕ್ಕೆ ನಿಲ್ಲಬೇಕಿದ್ದದ್ದು ಮೂವತ್ತನಾಲ್ಕಕ್ಕೆ ನಿಂತಿದೆ. ಮೂರು ಮೀಟರ್ ಹೆಚ್ಚು, ತೊಂದರೆಯಿಲ್ಲ. ಇನ್ನು ಏಳೇ ಮೀಟರ್ ಹೋಗಿದ್ದರೆ ಬಿರುಕಿನ ಬಾಯಿ.

“ಮೊದಲ ಹಸಿರು ಸಾವಿರದ ನೂರ ತೊಂಬತ್ತೊಂದು” ಅಂದರು. “ಐದು ಗುಂಡಿ ಹಿಂದೆ ಸರಿಸಿ ಬರೀರಿ.”

ತಂಗಿ ಟ್ರೇಗಳನ್ನು ತಂದಳು. ಇಪ್ಪತ್ತೊಂದನೇ ಟ್ರೇಯ ಎರಡನೇ ಗುಂಡಿಯಿಂದ ಹಿಂದಕ್ಕೆ ಎಣಿಸಿದಳು. ಒಂದು ಗುಂಡಿ ಹಿಂದೆ ಹೋಗುವಷ್ಟರಲ್ಲೇ ಅವಳ ಟ್ರೇ ಮುಗಿಯಿತು. ಉಳಿದ ನಾಲ್ಕು ಗುಂಡಿ ಇಪ್ಪತ್ತನೇ ಟ್ರೇಯಲ್ಲಿ. ಹದಿನೇಳನೇ ಗುಂಡಿಗೆ ಬೆರಳಿಟ್ಟು ಅವಳು ಅಕ್ಕನ ಮುಖ ನೋಡಿದಳು.

ಇಪ್ಪತ್ತನೇ ಟ್ರೇ ಕಲ್ಲಕ್ಕನದು.

ಬೆಳಿಗ್ಗೆ ಎಂಟು ಗಂಟೆಗೆ ಒಂದ್ಸಾಲು, “ಪಂಪು ನಿಂತಿದೆಯಂತೆ ಕಣೇ” ಅಂತ ಒಂದೇ ಸಾಲು ಹೇಳಿದ್ದರೆ, ಹಸಿರು ಅವಳ ಸರದಿಯಲ್ಲಿ, ಅವಳ ಟ್ರೇಯಲ್ಲಿ, ಅವಳ ಕೈಬರಹದಲ್ಲಿ ಇರುತ್ತಿತ್ತು! ತಂಗಿಗೆ ಸಿಗಬಾರದು ಅಂತ ಬಾಯಿ ಮುಚ್ಚಿಕೊಂಡು, ತನ್ನದನ್ನೇ ಎತ್ತಿ ತಂಗಿಯ ಅಂಗೈಗೆ ಹಾಕಿದ್ದಳು. ಕಲ್ಲಕ್ಕ ಅಲ್ಲೇ ಕೆಸರಿನ ಮೇಲೆ ಕುಕ್ಕರಿಸಿದಳು. ತಂಗಿ ಪುಟ್ಟ ಚಮಚದಲ್ಲಿ ಹಸಿರು ಹರಳುಗಳನ್ನು ಒಂದೂ ಬಿಡದಂತೆ ಎತ್ತಿ ಅಕ್ಕನ ಗುಂಡಿಗೆ ಸುರಿದಳು. “ತಗೋ. ನಿಂದೇ” ಅಂದಳು. ಇಡೀ ದಿನದಲ್ಲಿ ಕಲ್ಲಕ್ಕನಿಗೆ ಅದಕ್ಕಿಂತ ಉರಿ ಹಚ್ಚಿದ ಮಾತು ಬೇರೊಂದಿರಲಿಲ್ಲ.

ಕೆಲಸದಿಂದ ತೆಗೆಯಲಿಲ್ಲ. “ಓಡಿ ಬಂದ್ರಲ್ಲ, ಅದಕ್ಕೆ” ಅಂದರು ಲೆನ್ಸ್ ಸರ್. “ಆದ್ರೆ ಮಾತು ಮುಚ್ಚಿಡೋರನ್ನ ಬಾವಿ ಹತ್ರ ಇಟ್ಕೊಳ್ಳೋಕಾಗಲ್ಲ ಕಲ್ಲಕ್ಕ.” ಅವಳನ್ನು ಮುಖ್ಯ ರಸ್ತೆಯ ಪಕ್ಕದ ಟ್ರೇ ಗೋಡೌನಿಗೆ ಹಾಕಿದರು.

ಅದೊಂದು ಉದ್ದನೆಯ ತಗಡಿನ ಕೋಣೆ. ಆರು ಬಾವಿಗಳ ಟ್ರೇಗಳು ನೆಲದಿಂದ ಚಾವಣಿಯವರೆಗೆ. ಕರಿ, ಗುಲಾಬಿ, ಬೂದು, ಬಿಳಿ, ಹಸಿರು, ಇಡೀ ನೆಲದೊಳಗನ್ನು ಮಗ್ಗುಲು ಮಲಗಿಸಿ ಕಪಾಟಿಗೆ ಹಾಕಿದಂತೆ. ಅವಳು ಧೂಳು ಒರೆಸುತ್ತಾಳೆ, ಅಳಿಸಿಹೋದ ನಂಬರು ಮತ್ತೆ ಬರೆಯುತ್ತಾಳೆ. ಆರನೇ ಬಾವಿಯ ಇಪ್ಪತ್ತನೇ ಟ್ರೇ ಮಾತ್ರ ತೆಗೆಯುವುದಿಲ್ಲ. ಮುಚ್ಚಳದ ಮೇಲಿನಿಂದಲೇ ಒರೆಸಿ ಮುಂದೆ ಹೋಗುತ್ತಾಳೆ. ಹಸಿರು ಅವಳ ಗುಂಡಿಯಲ್ಲಿದೆ, ಹಸಿರಮ್ಮ ಅನ್ನುವ ಹೆಸರು ಮಾತ್ರ ತಂಗಿಯ ಹತ್ತಿರವೇ ಉಳಿಯಿತು. ಹೆಸರನ್ನು ಐದು ಗುಂಡಿ ಹಿಂದೆ ಸರಿಸೋಕೆ ಬರುವುದಿಲ್ಲವಲ್ಲ!

ಏಳನೇ ಬಾವಿ ಶುರುವಾಯಿತು. ಗುರುವಾರ ಗುರುವಾರ ತಂಗಿ ಜೀಪಿನಲ್ಲಿ ತುಂಬಿದ ಟ್ರೇ ತಂದು ಇಳಿಸಿ ಹೋಗುತ್ತಾಳೆ. ಮೊದಲ ನಾಲ್ಕು ಗುರುವಾರ “ಎಲ್ಲಿಡ್ಲಿ?” “ಅಲ್ಲಿಡು” ಅಷ್ಟೇ ಮಾತು. ಐದನೇ ಗುರುವಾರ ತಂಗಿ ಟ್ರೇ ಇಳಿಸಿಯೂ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಚಪ್ಪಲಿಯಿಂದ ನೆಲ ಕೆರೆದಳು.

“ಏನು, ಜೀಪು ಕೆಟ್ಟಿದೆಯಾ?”

“ಅಲ್ಲ. ಈ ಗುಂಡಿ ನೋಡ್ತೀಯಾ? ಗಟ್ಟಿ ಕಲ್ಲಿನ ಮಧ್ಯೆ ಇದೇನೋ ಬೂದು ಬಂದಿದೆ. ನಂಗೆ ಗೊತ್ತಾಗ್ತಿಲ್ಲ.”

“ಲೆನ್ಸ್ ಇಲ್ವಾ?”

“ಲೆನ್ಸಲ್ಲಿ ನೋಡೇ ಗೊತ್ತಾಗ್ತಿಲ್ಲ ಅಂತ ಹೇಳ್ತಿರೋದು.”

ಕಲ್ಲಕ್ಕನ ಎದೆಯಲ್ಲಿ ಬೆಚ್ಚಗೆ ಏನೋ ಕದಲಿತು. “ಸರ್ ಕಳಿಸಿದ್ರಾ, ನೀನೇ ಬಂದ್ಯಾ?”

“ನಾನೇ.”

ಅವಳು ಒಂದು ಚಿಟಿಕೆ ಎತ್ತಿ ನಾಲಿಗೆಗೆ ಇಟ್ಟಳು. ಕಣ್ಣು ಮುಚ್ಚಿದಳು. ಬೇಕಂತಲೇ, ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಮುಚ್ಚಿಕೊಂಡಿದ್ದಳು.

“ಅಂಟುತ್ತೆ. ಮೇಲಿನ ಜೇಡಿ. ಬಾವಿ ಗೋಡೆಯಿಂದ ಉದುರಿ ಇದರ ಜೊತೆ ಬಂದಿದೆ. ಈ ಆಳದ್ದಲ್ಲ, ತೆಗೆದು ಬಿಸಾಕು.”

“ಅಷ್ಟೇನಾ! ನಾನು ಎರಡು ದಿನ ತಲೆ ಕೆಡಿಸ್ಕೊಂಡೆ ಕಣಕ್ಕ!” ತಂಗಿ ಹಣೆ ಚಚ್ಚಿಕೊಂಡಳು. ಆಮೇಲೆ, ಮೆಲ್ಲಗೆ, “ನಂಗೆ ನಾಲಿಗೆಯಲ್ಲಿ ಗೊತ್ತಾಗಲ್ಲ. ಎಷ್ಟು ಸಲ ನೋಡಿದೀನಿ. ನಿಂಗೆ ಹೇಗೆ ಗೊತ್ತಾಗುತ್ತೆ ಅಂತ ಹೊಟ್ಟೆ ಉರಿಯುತ್ತೆ.”

ಕಲ್ಲಕ್ಕ ಕಣ್ಣು ಬಿಟ್ಟಳು. ಇವಳಿಗೂನಾ? ತನ್ನ ಮೇಲಾ? ಐವತ್ತೊಂದು ವರ್ಷದಲ್ಲಿ ಅವಳ ಕಿವಿಗೆ ಇಷ್ಟು ಇಂಪಾದ ಮಾತು ಬಿದ್ದಿರಲಿಲ್ಲ. “ಇನ್ನೊಂದ್ಸಲ ಹೇಳು” ಅನ್ನಬೇಕೆನಿಸಿತು. ಬದಲಿಗೆ ಕೈ ಮುಂದೆ ಚಾಚಿದಳು.

“ಆ ಲೆನ್ಸ್ ಕೊಡು.”

“ಈಗ್ಲಾ? ನೋಡಿ ಕೊಡ್ತೀಯಾ?”

“ನೋಡಿ ಕೊಡೋಕಲ್ಲ. ಒಂದು ವಾರ ನನ್ನ ಹತ್ರ ಇರ್ಲಿ.”

“ಅಕ್ಕಾ, ನಾನೇನು ಮಾಡ್ಲಿ ಒಂದು ವಾರ?”

“ನಿಂಗೆ ಕಣ್ಣಿದೆ.”

ತಂಗಿ ಕೊರಳಿನ ದಾರ ಬಿಚ್ಚಿದಳು. ಕಂದು ಚೀಲ ಕೈಗೆ ಬಂದಾಗ, ಇಷ್ಟು ದಿನ ತಂಗಿಯ ಎದೆಗೆ ತಾಗಿದ್ದ ಅದು ಇನ್ನೂ ಬೆಚ್ಚಗಿತ್ತು. ಅದಕ್ಕೂ ಕಲ್ಲಕ್ಕನಿಗೆ ಒಂದಿಷ್ಟು ಉರಿಯದೆ ಇರಲಿಲ್ಲ. ಅವಳು ಏಣಿ ಎಳೆದು ಆರನೇ ಬಾವಿಯ ಕಪಾಟಿಗೆ ಒರಗಿಸಿ, ಇಪ್ಪತ್ತನೇ ಟ್ರೇಗೆ ಕೈ ಹಾಕಿದಳು. ಜೀಪಿನ ಡ್ರೈವರ್ ಹಾರ್ನ್ ಹೊಡೆದ.

“ಮುಂದಿನ ಗುರುವಾರ ಬೇಗ ಬಾ, ಮಧ್ಯಾಹ್ನದ ಊಟ ಕಟ್ಕೊಂಡು” ಅಂತ ಏಣಿಯ ಮೇಲಿನಿಂದಲೇ, ತಿರುಗಿ ನೋಡದೆ ಹೇಳಿದಳು. “ಗೊತ್ತಾಗದೇ ಇರೋ ಗುಂಡಿ ಎಲ್ಲ ತಗೊಂಡು ಬಾ. ಜಾಸ್ತಿ ತಗೊಂಡು ಬಾ.”